ಪ್ರಿನ್ಸಿಪಾಲರ ಡೈರಿಯಲ್ಲಿ ಜಾಗ ಇದೆಯೇ? ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಹೊಸ ಶಿಕ್ಷಕ ಮೌಲ್ಯಮಾಪನ ತರುವ ಬಗೆ

ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಶಾಲೆ, 30 ಶಿಕ್ಷಕರು, ಒಬ್ಬ ಪ್ರಿನ್ಸಿಪಾಲ್. ಹೊಸ ನಿಯಮದ ಪ್ರಕಾರ ಪ್ರತಿಯೊಬ್ಬರ ಪಾಠವನ್ನೂ ವರ್ಷಕ್ಕೆ ಎರಡು ಸಲ ಪೂರ್ತಿ ಕೂತು ನೋಡಬೇಕು. ಪಾಠಕ್ಕೆ ಮುಂಚಿನ ಮಾತುಕತೆಗೆ 20 ನಿಮಿಷ, ಪಾಠಕ್ಕೆ 45, ಬರೆದುಕೊಂಡದ್ದನ್ನು ವಿಂಗಡಿಸಿ ಅಂಕ ಹಾಕಿ ವರದಿ ಮಾಡಲು 90, ಆಮೇಲೆ ಶಿಕ್ಷಕರ ಜೊತೆ ಕೂತು ಮಾತಾಡಲು 40. ಒಂದು ವೀಕ್ಷಣೆಗೆ ಮೂರೂಕಾಲು ಗಂಟೆ. ಅರವತ್ತು ವೀಕ್ಷಣೆಗೆ 195 ಗಂಟೆ. ಅಮೆರಿಕದಲ್ಲಿ ಬಹುತೇಕ ಕಡೆ ಶಾಲಾ ವರ್ಷ 180 ದಿನದ್ದು. ಮೊದಲ ಮೂರು ವಾರ, ರಜೆಯ ಹಿಂದುಮುಂದಿನ ದಿನಗಳು, ಪರೀಕ್ಷೆಯ ವಾರಗಳು, ವರದಿ ಒಪ್ಪಿಸುವ ಗಡುವಿನ ನಂತರದ ದಿನಗಳು ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು 120ರ ಆಸುಪಾಸು. ಅಂದರೆ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು, ಒಂದು ದಿನವೂ ತಪ್ಪದ ಹಾಗೆ. ಆ ದಿನ ಬಸ್ಸು ತಡವಾಗಬಾರದು, ಊಟದ ಹೊತ್ತಿಗೆ ಮಕ್ಕಳು ಹೊಡೆದಾಡಿಕೊಳ್ಳಬಾರದು, ಯಾವ ಪೋಷಕರೂ ಬಾಗಿಲಿಗೆ ಬಂದು ನಿಲ್ಲಬಾರದು.

ಹೊಸ ಮೌಲ್ಯಮಾಪನ ಪದ್ಧತಿ ನಿಲ್ಲುವುದೂ ಬೀಳುವುದೂ ಈ 195 ಗಂಟೆಗಳಲ್ಲೇ. ಹೊಸ ಫಾರಂ ಯಾವುದು, ಅಂಕ ಎಷ್ಟು, ಸಾಫ್ಟ್‌ವೇರ್ ಯಾವುದು ಎಂಬ ಚರ್ಚೆಗೆ ಡಿಸ್ಟ್ರಿಕ್ಟ್‌ಗಳು ತಿಂಗಳುಗಟ್ಟಲೆ ಕೊಡುತ್ತವೆ. ನೋಡುವ ಕಣ್ಣು ಯಾರದು, ಆ ಕಣ್ಣಿಗೆ ಪುರಸೊತ್ತು ಎಲ್ಲಿಂದ ಬರುತ್ತದೆ ಎಂಬ ಮಾತು ಕೊನೆಯ ಸಭೆಯಲ್ಲಿ, ಎಲ್ಲರೂ ಎದ್ದು ಹೊರಡುವಾಗ ಬರುತ್ತದೆ.

ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಕಂದಾಯ ಜಿಲ್ಲೆ ಅಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದು ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಅಂಥವು ಅಮೆರಿಕದಲ್ಲಿ ಸುಮಾರು 13,000 ಇವೆ. ಸಾಮಾನ್ಯವಾಗಿ ಜನ ಆರಿಸಿದ ಸ್ಕೂಲ್ ಬೋರ್ಡ್ ಇರುತ್ತದೆ, ಬೋರ್ಡ್ ನೇಮಿಸಿದ ಸೂಪರಿಂಟೆಂಡೆಂಟ್ ಇರುತ್ತಾರೆ. ಹಲವು ರಾಜ್ಯಗಳಲ್ಲಿ ಶಿಕ್ಷಕರ ಯೂನಿಯನ್ ಜೊತೆ ಲಿಖಿತ ಒಪ್ಪಂದವೂ ಇರುತ್ತದೆ. ಮೌಲ್ಯಮಾಪನದ ಚೌಕಟ್ಟನ್ನು ರಾಜ್ಯದ ಕಾನೂನು ಹಾಕುತ್ತದೆ. ಎಷ್ಟು ದಿನ ಮುಂಚೆ ತಿಳಿಸಬೇಕು, ಎಷ್ಟು ದಿನದೊಳಗೆ ವರದಿ ಕೊಡಬೇಕು, ಯಾರು ನೋಡಬಹುದು ಎಂಬುದೆಲ್ಲ ಈ ಒಪ್ಪಂದದ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಹಾಗಾಗಿ ಯೂನಿಯನ್ನನ್ನು ಹೊರಗಿಟ್ಟು ಕಚೇರಿಯಲ್ಲಿ ತಯಾರಿಸಿದ ಪದ್ಧತಿ ಮೊದಲ ವರ್ಷವೇ ದೂರುಗಳಲ್ಲಿ ಮುಳುಗುತ್ತದೆ.

ಈ ವಿಷಯಕ್ಕೆ ಇಷ್ಟು ಬಿಸಿ ಹತ್ತಿದ್ದು 2009ರಲ್ಲಿ. ಆ ವರ್ಷ ನಾಲ್ಕು ರಾಜ್ಯಗಳ 12 ಡಿಸ್ಟ್ರಿಕ್ಟ್‌ಗಳ ಕಡತ ನೋಡಿದ ಒಂದು ವರದಿ ಬಂತು. ‘ತೃಪ್ತಿಕರ’, ‘ಅತೃಪ್ತಿಕರ’ ಎಂಬ ಎರಡೇ ಶ್ರೇಣಿ ಇದ್ದ ಕಡೆ ಶೇ. 99ಕ್ಕೂ ಹೆಚ್ಚು ಶಿಕ್ಷಕರು ತೃಪ್ತಿಕರ ಎಂದು ಅದು ತೋರಿಸಿತು. ಅದೇ ವರ್ಷ ಒಬಾಮಾ ಸರ್ಕಾರ ‘ರೇಸ್ ಟು ದ ಟಾಪ್’ ಎಂಬ 435 ಕೋಟಿ ಡಾಲರ್‌ಗಳ ಸ್ಪರ್ಧೆ ಇಟ್ಟಿತು. ಮಕ್ಕಳ ಕಲಿಕೆಯ ಬೆಳವಣಿಗೆಯನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಜೋಡಿಸುವ ರಾಜ್ಯಕ್ಕೆ ಅದರಲ್ಲಿ ಹೆಚ್ಚು ಅಂಕ. ದುಡ್ಡಿನ ಆಸೆಗೆ ರಾಜ್ಯಗಳು ಒಂದರ ಹಿಂದೊಂದು ಕಾನೂನು ಬದಲಾಯಿಸಿದವು. 2015ರ ಡಿಸೆಂಬರಿನಲ್ಲಿ ಬಂದ ಹೊಸ ಶಿಕ್ಷಣ ಕಾಯ್ದೆ ಕೇಂದ್ರದ ಒತ್ತಾಯವನ್ನು ತೆಗೆದುಹಾಕಿತು. ಆದರೆ ಅಷ್ಟರೊಳಗೆ ಹೊಸ ಪದ್ಧತಿಗಳು ಬೇರುಬಿಟ್ಟಿದ್ದವು.

ಫಲ ಏನಾಯಿತು? 24 ರಾಜ್ಯಗಳ ಅಂಕಿಗಳನ್ನು ಹಾಕಿದ 2017ರ ಅಧ್ಯಯನವೊಂದರ ಪ್ರಕಾರ, ಬಹುಪಾಲು ಕಡೆ ಕೆಳಗಿನ ತುದಿಯ ಶ್ರೇಣಿ ಪಡೆದವರು ಆಗಲೂ ಶೇ. 1ಕ್ಕಿಂತ ಕಡಿಮೆ. ಎರಡಿದ್ದ ಶ್ರೇಣಿ ನಾಲ್ಕೈದಾಯಿತು, ಒಂದು ಪುಟದ ಫಾರಂ ನಲವತ್ತು ಪುಟವಾಯಿತು, ಅಂಕ ಹಾಕುವ ಕೈ ಮಾತ್ರ ಬದಲಾಗಲಿಲ್ಲ. ಅದೇ ಅಧ್ಯಯನ ಒಂದು ಡಿಸ್ಟ್ರಿಕ್ಟ್‌ನ ಮೌಲ್ಯಮಾಪಕರ ಮನಸ್ಸನ್ನೂ ಕೇಳಿತು. ಅವರ ಖಾಸಗಿ ಅಭಿಪ್ರಾಯದಲ್ಲಿ ಕೆಳಮಟ್ಟದವರು ಎಷ್ಟು ಜನ ಇದ್ದರೋ ಅದರ ಮೂರನೇ ಒಂದು ಪಾಲಿಗೂ ಅವರು ಕಾಗದದ ಮೇಲೆ ಕಡಿಮೆ ಅಂಕ ಕೊಟ್ಟಿರಲಿಲ್ಲ. ಇದನ್ನು ಹೇಡಿತನ ಎನ್ನುವುದು ಸುಲಭ. ಆದರೆ ನಾಲ್ಕು ಅಂಕದ ಅಳತೆಯಲ್ಲಿ ಒಬ್ಬರಿಗೆ 2 ಕೊಟ್ಟರೆ ಸುಧಾರಣಾ ಯೋಜನೆ ಬರೆಯಬೇಕು, ಇನ್ನಷ್ಟು ಸಲ ಹೋಗಿ ನೋಡಬೇಕು, ಯೂನಿಯನ್ ಪ್ರತಿನಿಧಿಯ ಎದುರು ಸಮರ್ಥಿಸಬೇಕು. ಅವರು ಬಿಟ್ಟು ಹೋದರೆ ಜನವರಿಯಲ್ಲಿ ಗಣಿತಕ್ಕೆ ಬೇರೆಯವರನ್ನು ಎಲ್ಲಿಂದ ತರುವುದು? 3 ಕೊಟ್ಟರೆ ಇದೊಂದೂ ಇಲ್ಲ. ಪುರಸೊತ್ತಿಲ್ಲದ ಮನುಷ್ಯ 3 ಕೊಡುತ್ತಾನೆ.

ಗೇಟ್ಸ್ ಫೌಂಡೇಶನ್ ನೆರವಿನಿಂದ ಮೂರು ಡಿಸ್ಟ್ರಿಕ್ಟ್‌ಗಳು ಮತ್ತು ನಾಲ್ಕು ಚಾರ್ಟರ್ ಶಾಲಾ ಸಮೂಹಗಳಲ್ಲಿ (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳು) ನಡೆದ ದೊಡ್ಡ ಪ್ರಯೋಗಕ್ಕೆ ಒಟ್ಟು 57.5 ಕೋಟಿ ಡಾಲರ್ ಖರ್ಚಾಯಿತು. ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿಸಿದ ಏರಿಕೆ ಕಾಣಲಿಲ್ಲ ಎಂದು 2018ರಲ್ಲಿ ರಾಂಡ್ ಎಂಬ ಸಂಶೋಧನಾ ಸಂಸ್ಥೆ ವರದಿ ಕೊಟ್ಟಿತು. ಹಾಗಂತ ಎಲ್ಲ ಕಡೆಯೂ ನೀರಿನಲ್ಲಿ ಹೋಮ ಮಾಡಿದಂತಾಗಲಿಲ್ಲ. ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಮೌಲ್ಯಮಾಪನಕ್ಕೆ ಒಳಗಾದ ವೃತ್ತಿಯ ನಡುಘಟ್ಟದಲ್ಲಿದ್ದ ಅನುಭವಿ ಶಿಕ್ಷಕರ ತರಗತಿಯ ಮಕ್ಕಳು ಗಣಿತದಲ್ಲಿ ಮುಂದೆ ಬಂದರು, ಆ ಸುಧಾರಣೆ ನಂತರದ ವರ್ಷಗಳಲ್ಲೂ ಉಳಿಯಿತು. ವಾಷಿಂಗ್ಟನ್ ಡಿ.ಸಿ.ಯಲ್ಲಿ 2009ರಲ್ಲಿ ಶುರುವಾದ ‘ಇಂಪ್ಯಾಕ್ಟ್’ ಪದ್ಧತಿಯಲ್ಲಿ ಕೆಲಸ ಹೋಗುವ ಅಂಚಿನಲ್ಲಿದ್ದವರು ಕೆಲವರು ತಾವಾಗಿ ಬಿಟ್ಟರು, ಉಳಿದವರ ಪಾಠ ಉತ್ತಮವಾಯಿತು.

ಈ ಎರಡು ಕಡೆ ಏನು ಬೇರೆ ಇತ್ತು ನೋಡಿ. ಸಿನ್ಸಿನಾಟಿಯಲ್ಲಿ ವರ್ಷಕ್ಕೆ ನಾಲ್ಕು ವೀಕ್ಷಣೆ. ಅದರಲ್ಲಿ ಮೂರನ್ನು ಮಾಡುತ್ತಿದ್ದದ್ದು ಬೇರೆ ಶಾಲೆಯಿಂದ ಬಂದ ಹಿರಿಯ ಶಿಕ್ಷಕರು. ಅವರನ್ನು ಮೂರು ವರ್ಷ ತರಗತಿಯಿಂದ ಬಿಡುಗಡೆ ಮಾಡಿ ಇದೇ ಕೆಲಸಕ್ಕೆ ಹಾಕಲಾಗಿತ್ತು. ವಾಷಿಂಗ್ಟನ್ನಿನಲ್ಲಿ ಶುರುವಿನ ವರ್ಷಗಳಲ್ಲಿ ಐದು ವೀಕ್ಷಣೆ. ಮೂರು ಶಾಲೆಯ ಆಡಳಿತದವರದು, ಎರಡು ಹೊರಗಿನ ವಿಷಯತಜ್ಞರದು. ಎರಡೂ ಕಡೆ ನೋಡುವುದೇ ಉದ್ಯೋಗವಾಗಿದ್ದ ಜನ ಇದ್ದರು. ಅದು ಅಗ್ಗವಲ್ಲ. ಸಿನ್ಸಿನಾಟಿಯಲ್ಲಿ ಒಬ್ಬ ಶಿಕ್ಷಕರ ಒಂದು ವರ್ಷದ ಮೌಲ್ಯಮಾಪನಕ್ಕೆ 7,000 ಡಾಲರಿಗೂ ಹೆಚ್ಚು ಬಿದ್ದಿತ್ತು, ಬಹುಪಾಲು ಆ ವೀಕ್ಷಕರ ಸಂಬಳಕ್ಕೇ.

ಈಗ ಫಾರಂಗೆ ಬರೋಣ. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ರೂಬ್ರಿಕ್ (ಎಂಥ ಪಾಠಕ್ಕೆ ಯಾವ ಮಟ್ಟ ಎಂದು ಹೇಳುವ ಪಟ್ಟಿ) ಶಿಕ್ಷಣತಜ್ಞೆ ಷಾರ್ಲಟ್ ಡೇನಿಯಲ್ಸನ್ 1996ರಲ್ಲಿ ಪ್ರಕಟಿಸಿದ್ದು. ನಾಲ್ಕು ವಿಭಾಗ: ಪಾಠದ ಸಿದ್ಧತೆ, ತರಗತಿಯ ವಾತಾವರಣ, ಬೋಧನೆ, ವೃತ್ತಿ ಹೊಣೆಗಾರಿಕೆ. ಒಟ್ಟು 22 ಅಂಶ, ಪ್ರತಿ ಅಂಶಕ್ಕೂ ನಾಲ್ಕು ಮಟ್ಟ. ಇದರಲ್ಲಿ ತರಗತಿಯಲ್ಲಿ ಕೂತು ಕಣ್ಣಾರೆ ನೋಡಬಹುದಾದದ್ದು ನಡುವಿನ ಎರಡು ವಿಭಾಗಗಳ ಹತ್ತು ಅಂಶ ಮಾತ್ರ. ಉಳಿದ ಹನ್ನೆರಡಕ್ಕೆ ಪಾಠ ಯೋಜನೆ, ಪೋಷಕರ ಜೊತೆಗಿನ ಪತ್ರ, ದಾಖಲೆ ಇತ್ಯಾದಿ ತೋರಿಸಬೇಕು. ಡಿಸ್ಟ್ರಿಕ್ಟ್‌ಗಳು ಎಡವುವುದು ಇಲ್ಲೇ: 22ಕ್ಕೂ ಪ್ರತಿ ಸಲ ಪುರಾವೆ ಬೇಕು ಎಂದುಬಿಡುತ್ತವೆ. ಶಿಕ್ಷಕರು ದಪ್ಪ ದಪ್ಪ ಫೈಲು ಕಟ್ಟಲು ಕೂರುತ್ತಾರೆ. ಯಾರೂ ಓದುವುದಿಲ್ಲ. ಮೊದಲ ವರ್ಷಕ್ಕೆ ಐದಾರು ಅಂಶ ಆರಿಸಿ, ಅದನ್ನು ನೆಟ್ಟಗೆ ನೋಡುವುದು ಕಲಿತರೆ ಸಾಕು.

ನೆಟ್ಟಗೆ ನೋಡುವುದು ಅಂದರೇನು? ಒಂದು ಕಾಲ್ಪನಿಕ ಪಾಠವನ್ನು ಹತ್ತಿರದಿಂದ ನೋಡೋಣ. ಐದನೇ ತರಗತಿ, 24 ಮಕ್ಕಳು, ಭಿನ್ನರಾಶಿ. ತರಬೇತಿ ಇಲ್ಲದ ವೀಕ್ಷಕರ ಟಿಪ್ಪಣಿ ಹೀಗಿರುತ್ತದೆ: “ಪಾಠ ಉತ್ಸಾಹದಿಂದ ಕೂಡಿತ್ತು. ಮಕ್ಕಳು ಚೆನ್ನಾಗಿ ಭಾಗವಹಿಸಿದರು. ಪ್ರಶ್ನೆಗಳ ಗುಣಮಟ್ಟ ಇನ್ನೂ ಹೆಚ್ಚಬಹುದು.” ಇದರಿಂದ ಅಂಕವೂ ಹುಟ್ಟುವುದಿಲ್ಲ, ಸಲಹೆಯೂ ಹುಟ್ಟುವುದಿಲ್ಲ. ತರಬೇತಿ ಆದವರ ಟಿಪ್ಪಣಿ ಹೀಗೆ:

10:14 ಶಿಕ್ಷಕಿ: “2/3 ದೊಡ್ಡದೋ, 3/5 ದೊಡ್ಡದೋ?” ನಾಲ್ಕು ಕೈ ಮೇಲೆದ್ದವು. ಎರಡು ಸೆಕೆಂಡ್ ಆದ ಮೇಲೆ ಮುಂದಿನ ಸಾಲಿನ ಹುಡುಗನ ಕಡೆ ತೋರಿಸಿದರು.
10:15 ಹುಡುಗ: “2/3.” ಶಿಕ್ಷಕಿ: “ಸರಿ.” ಬೋರ್ಡಿನ ಮೇಲೆ ಬರೆದರು.
10:16 ಶಿಕ್ಷಕಿ: “ಯಾಕೆ?” ತಾವೇ ಹದಿನೈದರ ಛೇದ ಮಾಡಿ ವಿವರಿಸಿದರು.
10:19 ಇನ್ನೊಂದು ಜೋಡಿ. ಅದೇ ನಾಲ್ಕು ಕೈ.
10:31ರವರೆಗೆ ಬಾಯಿ ಬಿಟ್ಟ ಮಕ್ಕಳು 5. ಮಕ್ಕಳು ಒಬ್ಬರಿಗೊಬ್ಬರು ಉತ್ತರಿಸಿದ್ದು ಇಲ್ಲ.

ಇದರಲ್ಲಿ ಒಂದೂ ವಿಶೇಷಣ ಇಲ್ಲ ನೋಡಿ. ಈಗ ರೂಬ್ರಿಕ್‌ನಲ್ಲಿ ಪ್ರಶ್ನೆ ಮತ್ತು ಚರ್ಚೆಯ ಅಂಶ ತೆರೆದರೆ, ಪ್ರಶ್ನೆಗಳು ಒಂದೇ ದಾರಿಯಲ್ಲಿ ಸಾಗಿ ಕೆಲವೇ ಮಕ್ಕಳು ಉತ್ತರಿಸುವುದು ಎರಡನೇ ಮಟ್ಟ. ಮಕ್ಕಳು ಕಾರಣ ಕೊಟ್ಟು, ಪರಸ್ಪರ ಮಾತಾಡಿ, ಹೆಚ್ಚಿನವರು ಒಳಗೆ ಬಂದರೆ ಮೂರನೆಯದು. ಟಿಪ್ಪಣಿಯನ್ನು ಮುಂದಿಟ್ಟರೆ ಶಿಕ್ಷಕಿಯೂ 2 ಎನ್ನುತ್ತಾರೆ, ಜಗಳಕ್ಕೆ ಜಾಗವೇ ಇರುವುದಿಲ್ಲ. “ಉತ್ಸಾಹ ಇತ್ತು” ಎಂದು ಬರೆದು 2 ಕೊಟ್ಟಿದ್ದರೆ ಮೇಲ್ಮನವಿ ಗ್ಯಾರಂಟಿ.

ಆಮೇಲಿನ ಮಾತುಕತೆಯಲ್ಲಿ ಏಳು ಸಲಹೆ ಕೊಡಬಾರದು, ಒಂದು ಕೊಡಬೇಕು. ಈ ಪಾಠಕ್ಕಾದರೆ: ಪ್ರಶ್ನೆ ಕೇಳಿದ ಮೇಲೆ ಕೈ ಎತ್ತಿಸುವ ಬದಲು ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಡಿ, ಆಮೇಲೆ ನೀವೇ ಹೆಸರು ಹಿಡಿದು ಮೂವರನ್ನು ಕೇಳಿ, ಉತ್ತರಕ್ಕೆ ಮುಂಚೆ ಕಾರಣ ಕೇಳಿ. ಅಲ್ಲೇ ಕೂತು ಮುಂದಿನ ವಾರದ ಪಾಠದ ಎರಡು ಪ್ರಶ್ನೆಗಳನ್ನು ಇಬ್ಬರೂ ಸೇರಿ ಬರೆಯಬೇಕು. ಎರಡು ವಾರದ ನಂತರ ಹದಿನೈದು ನಿಮಿಷ ಹೋಗಿ ಅದೊಂದನ್ನೇ ನೋಡಿ ಬರಬೇಕು, ಅಂಕ ಹಾಕದೆ. ಮಾತುಕತೆ ಪಾಠದ ಮರುದಿನ ಅಥವಾ ಅದರ ಮರುದಿನ ಆಗಬೇಕು. ಹತ್ತು ದಿನದ ಗಡುವು ಇದೆ ಎಂದು ಒಂಬತ್ತನೇ ದಿನ ಕರೆದರೆ ಇಬ್ಬರಿಗೂ ಪಾಠ ಮರೆತಿರುತ್ತದೆ.

ವೀಕ್ಷಕರ ತರಬೇತಿಯೂ ಇದೇ ಮಾದರಿಯದು. ಪರಿಣತರು ಮೊದಲೇ ಅಂಕ ಹಾಕಿಟ್ಟ ಪಾಠದ ವಿಡಿಯೋಗಳನ್ನು ತೋರಿಸಿ, ಇವರಿಂದ ಅಂಕ ಹಾಕಿಸಿ, ತಾಳೆ ನೋಡಬೇಕು. ಒಂದು ಎಚ್ಚರಿಕೆ: ‘ಒಂದು ಅಂಕದ ಅಂತರದೊಳಗೆ ಇದ್ದರೆ ಪಾಸ್’ ಎಂದು ನಿಯಮ ಮಾಡುವವರು ಬಹಳ. ನಾಲ್ಕು ಅಂಕದ ಅಳತೆಯಲ್ಲಿ ಕಣ್ಣು ಮುಚ್ಚಿ ಎಲ್ಲಕ್ಕೂ 3 ಹಾಕಿದರೂ, ಸರಿಯಾದ ಅಂಕ 2, 3, 4 ಯಾವುದಿದ್ದರೂ ಅವರು ಪಾಸ್! ಹಾಗಾಗಿ ನಿಖರವಾಗಿ ಎಷ್ಟು ಹೊಂದಿತು, 1 ಮತ್ತು 2ರ ವಿಡಿಯೋಗಳಲ್ಲಿ ಎಷ್ಟು ಹೊಂದಿತು ಎಂದು ಬೇರೆ ಬೇರೆ ನೋಡಬೇಕು. ಒಮ್ಮೆ ಪಾಸಾದರೆ ಮುಗಿಯುವುದಿಲ್ಲ. ಕಣ್ಣು ಜಾರುತ್ತಾ ಹೋಗುತ್ತದೆ, ಪ್ರತಿ ಸೆಮಿಸ್ಟರಿಗೆ ಒಂದು ಸಲ ಮತ್ತೆ ತಾಳೆ ನೋಡಬೇಕು.

ಎಷ್ಟೇ ತರಬೇತಿ ಕೊಟ್ಟರೂ ಒಬ್ಬರ ಕಣ್ಣು ಒಬ್ಬರದೇ. ಫ್ಲಾರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲಿ ನಡೆದ 2013ರ ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಒಬ್ಬರೇ ಎರಡು ಪಾಠ ನೋಡುವುದಕ್ಕಿಂತ ಇಬ್ಬರು ಒಂದೊಂದು ಪಾಠ ನೋಡಿದರೆ ಅಂಕ ಹೆಚ್ಚು ನಂಬಲರ್ಹ ಎಂದು ಅದು ತೋರಿಸಿತು. ಸಮಯ ಅಷ್ಟೇ, ಫಲ ಹೆಚ್ಚು. ಇನ್ನೊಂದು ಸಂಗತಿ: ಯಾವ ಪಾಠ ತೋರಿಸಬೇಕು ಎಂಬ ಆಯ್ಕೆಯನ್ನು ಶಿಕ್ಷಕರಿಗೇ ಬಿಟ್ಟಾಗ ಅಂಕ ಸ್ವಲ್ಪ ಏರಿತು, ಆದರೆ ಯಾರು ಮುಂದೆ ಯಾರು ಹಿಂದೆ ಎಂಬ ಸಾಲು ಹೆಚ್ಚುಕಡಿಮೆ ಹಾಗೇ ಉಳಿಯಿತು. ಮುಂಚೆ ತಿಳಿಸಿ ಬಂದರೆ ಎಲ್ಲರೂ ನಾಟಕ ಆಡುತ್ತಾರೆ ಎಂಬ ಭಯಕ್ಕೆ ಇದು ಒಳ್ಳೆಯ ಉತ್ತರ. ಎಲ್ಲರೂ ಆಡುತ್ತಾರೆ, ಆದರೆ ಚೆನ್ನಾಗಿ ಆಡುವವರು ಚೆನ್ನಾಗಿಯೇ ಆಡುತ್ತಾರೆ.

ಮುಂದಿನದು ಮಕ್ಕಳ ಪರೀಕ್ಷೆಯ ಅಂಕ, ಅತಿ ಹೆಚ್ಚು ಜಗಳದ ಭಾಗ. ‘ವ್ಯಾಲ್ಯೂ ಆಡೆಡ್’ ಎನ್ನುವ ಲೆಕ್ಕದಲ್ಲಿ, ಮಗುವಿನ ಹಿಂದಿನ ವರ್ಷಗಳ ಅಂಕ ನೋಡಿ ಈ ವರ್ಷ ಎಷ್ಟು ಬರಬೇಕಿತ್ತು ಎಂದು ಅಂದಾಜಿಸಿ, ಬಂದದ್ದರಿಂದ ಅದನ್ನು ಕಳೆದು, ಉಳಿದದ್ದನ್ನು ಶಿಕ್ಷಕರ ಖಾತೆಗೆ ಹಾಕುತ್ತಾರೆ. ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14 ಎಂದೇ ಹೆಚ್ಚಿನ ಅಧ್ಯಯನಗಳು ಕಂಡಿವೆ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಎಚ್ಚರಿಸಿತ್ತು. ಒಂದು ತರಗತಿಯ 20 ಮಕ್ಕಳಲ್ಲಿ ಇಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಸರಾಸರಿ ಹಾರಾಡುತ್ತದೆ. ಹೂಸ್ಟನ್ನಿನಲ್ಲಿ ಲೆಕ್ಕದ ಸೂತ್ರ ಖಾಸಗಿ ಕಂಪನಿಯ ಗುಟ್ಟಾಗಿದ್ದರಿಂದ ಶಿಕ್ಷಕರು ತಮ್ಮ ಅಂಕ ಸರಿಯೋ ತಪ್ಪೋ ಎಂದು ಪರೀಕ್ಷಿಸಲೂ ಆಗಲಿಲ್ಲ. ಈ ಕಾರಣಕ್ಕೇ 2017ರಲ್ಲಿ ಫೆಡರಲ್ ನ್ಯಾಯಾಲಯ ಅವರ ದಾವೆ ಮುಂದುವರಿಯಲು ಬಿಟ್ಟಿತು, ಡಿಸ್ಟ್ರಿಕ್ಟ್ ಕೊನೆಗೆ ರಾಜಿಯಾಯಿತು.

ಇನ್ನು ಸಂಗೀತದ ಮೇಷ್ಟ್ರು, ವ್ಯಾಯಾಮದವರು, ಎರಡನೇ ತರಗತಿಯವರು? ರಾಜ್ಯದ ಪರೀಕ್ಷೆ ಪ್ರತಿ ವರ್ಷ ಇರುವುದು 3ರಿಂದ 8ನೇ ತರಗತಿಯ ಇಂಗ್ಲಿಷ್ ಮತ್ತು ಗಣಿತಕ್ಕೆ. ಉಳಿದವರಿಗೆ ಆ ಅಂಕವೇ ಇಲ್ಲ. ಫ್ಲಾರಿಡಾದಲ್ಲಿ ತಾವು ಕಲಿಸದ ಮಕ್ಕಳ, ಕಲಿಸದ ವಿಷಯದ ಅಂಕವನ್ನು ಇಂಥವರ ತಲೆಗೆ ಕಟ್ಟಿದಾಗ ಅವರು ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಕಾನೂನಿಗೆ ಅದು ಸರಿಹೊಂದಿತು, ಸ್ಟಾಫ್ ರೂಮಿಗೆ ಹೊಂದಲಿಲ್ಲ. ಅದರ ಬದಲು ಶಿಕ್ಷಕರೇ ವರ್ಷದ ಶುರುವಿನಲ್ಲಿ ಕಲಿಕೆಯ ಗುರಿ ಬರೆದು ಕೊನೆಗೆ ಅಳೆಯುವ ಪದ್ಧತಿ ಇದೆ. ಅಲ್ಲಿ ಗುರಿಯನ್ನು ಮೊಣಕಾಲೆತ್ತರಕ್ಕೆ ಇಡುವವರೇ ಜಾಣರಾಗುತ್ತಾರೆ. ಶಾಲೆಯೊಳಗೆ ಅದೇ ವಿಷಯದವರು ಮೂವರು ಕೂತು ಪರಸ್ಪರರ ಗುರಿ ಒಪ್ಪಬೇಕು ಎಂದು ಮಾಡಿದರೆ ಸ್ವಲ್ಪ ತಡೆ ಬೀಳುತ್ತದೆ.

ತೂಕದ ಲೆಕ್ಕದಲ್ಲಿ ಬಹುತೇಕರ ಕಣ್ಣಿಗೆ ಬೀಳದ ಒಂದು ಮೋಸ ಇದೆ. “ವೀಕ್ಷಣೆಗೆ ಶೇ. 70, ಪರೀಕ್ಷೆಗೆ ಶೇ. 30 ಮಾತ್ರ” ಎಂದು ಹೇಳಿ ಶಿಕ್ಷಕರನ್ನು ಸಮಾಧಾನ ಮಾಡುತ್ತಾರೆ. ಆದರೆ ವೀಕ್ಷಣೆಯ ಅಂಕ ಎಲ್ಲರಿಗೂ 2.9ರಿಂದ 3.1ರೊಳಗೆ ಇದ್ದರೆ, ಅತ್ಯುತ್ತಮ ಮತ್ತು ಅತಿ ಕೆಳಗಿನವರ ನಡುವೆ ಅದು ತರುವ ವ್ಯತ್ಯಾಸ 0.2ರ ಶೇ. 70, ಅಂದರೆ 0.14. ಪರೀಕ್ಷೆಯ ಅಂಕ 1ರಿಂದ 4ರವರೆಗೆ ಹರಡಿದ್ದರೆ ಅದರ ವ್ಯತ್ಯಾಸ 3ರ ಶೇ. 30, ಅಂದರೆ 0.9. ಯಾರು ಮೇಲೆ ಯಾರು ಕೆಳಗೆ ಎಂದು ತೀರ್ಮಾನಿಸುವುದು ಆ ‘ಮಾತ್ರ’ದ ಶೇ. 30. ಪ್ರಿನ್ಸಿಪಾಲ್ ಎಲ್ಲರಿಗೂ 3 ಕೊಟ್ಟು ಶಿಕ್ಷಕರನ್ನು ಕಾಪಾಡಿದೆ ಎಂದುಕೊಂಡಿರುತ್ತಾರೆ. ನಿಜದಲ್ಲಿ ಅವರು ತಮ್ಮ ಮತವನ್ನು ಪರೀಕ್ಷೆಗೆ ಬಿಟ್ಟುಕೊಟ್ಟಿರುತ್ತಾರೆ. ಹಾಗಾಗಿ ಶೇಕಡಾವಾರು ನಿಗದಿ ಮಾಡುವ ಮುಂಚೆ ಪ್ರಾಯೋಗಿಕ ವರ್ಷದ ಅಂಕಗಳು ಎಷ್ಟು ಹರಡಿವೆ ಎಂದು ನೋಡಲೇಬೇಕು.

ಪ್ರಾಯೋಗಿಕ ವರ್ಷ ಅಂದರೆ ಅಂಕ ಯಾರ ಕಡತಕ್ಕೂ ಹೋಗದ ವರ್ಷ. ಅದಕ್ಕೂ ಒಂದು ವರ್ಷ ಮುಂಚೆ ಸಮಿತಿ ಕೂರಬೇಕು. ಅದರಲ್ಲಿ ಕನಿಷ್ಠ ಅರ್ಧ ಪಾಠ ಮಾಡುತ್ತಿರುವ ಶಿಕ್ಷಕರಿರಲಿ, ವಿಶೇಷ ಶಿಕ್ಷಣದವರು ಒಬ್ಬರಾದರೂ ಇರಲಿ. ಅವರ ತರಗತಿಯಲ್ಲಿ ಆರೇ ಮಕ್ಕಳು, ಸಾಮಾನ್ಯ ರೂಬ್ರಿಕ್ ಅಲ್ಲಿ ಕೂರುವುದಿಲ್ಲ. ಪ್ರಾಯೋಗಿಕ ವರ್ಷಕ್ಕೆ ಉತ್ಸಾಹ ಇರುವ ಶಾಲೆಗಳನ್ನೇ ಆರಿಸುವುದು ಸಾಮಾನ್ಯ ತಪ್ಪು. ಅಲ್ಲಿ ಎಲ್ಲವೂ ನಡೆಯುತ್ತದೆ. ಮರುವರ್ಷ 700 ಮಕ್ಕಳಿಗೆ ಒಬ್ಬರೇ ಪ್ರಿನ್ಸಿಪಾಲ್ ಇರುವ ಶಾಲೆಗೆ ಹೋದಾಗ ಗೊತ್ತಾಗುತ್ತದೆ. ಬೇಕೆಂದೇ ಅಂಥ ಒಂದೆರಡು ಶಾಲೆಗಳನ್ನು ಮೊದಲ ಸಾಲಿಗೆ ಸೇರಿಸಿಕೊಳ್ಳಬೇಕು.

ಅಂಕಗಳು ಬಂದ ಮೇಲೆ ಡಿಸ್ಟ್ರಿಕ್ಟ್ ಕಚೇರಿ ನೋಡಬೇಕಾದ್ದು ವೀಕ್ಷಕರನ್ನು. ಯಾರ ಅಂಕಗಳಲ್ಲಿ ಶೇ. 90 ಬರೀ 3? ಯಾರ ವರದಿಗಳಲ್ಲಿ ಒಂದೇ ವಾಕ್ಯ ಹನ್ನೆರಡು ಸಲ? ಕಲಿಕೆಯಲ್ಲಿ ಹಿಂದುಳಿದ ಮಕ್ಕಳು ಹೆಚ್ಚಿರುವ ತರಗತಿಯವರಿಗೆ ಕಡಿಮೆ ಅಂಕ ಬಿದ್ದಿದೆಯೇ? ಮೊದಲೇ ಮುಂದಿರುವ ಮಕ್ಕಳ ತರಗತಿಯಲ್ಲಿ ಪಾಠ ಸಲೀಸಾಗಿ ಕಾಣುತ್ತದೆ, ವೀಕ್ಷಣೆಯ ಅಂಕ ಏರುತ್ತದೆ ಎಂದು ಅಧ್ಯಯನಗಳು ಪದೇ ಪದೇ ತೋರಿಸಿವೆ. ಇದನ್ನು ಸರಿದೂಗಿಸದಿದ್ದರೆ ಒಳ್ಳೆಯ ಶಿಕ್ಷಕರು ಸುಲಭದ ತರಗತಿಗಳ ಕಡೆ ಸರಿಯುತ್ತಾರೆ. ಆದರೆ ‘ಶೇ. 10 ಜನಕ್ಕೆ ಕಡಿಮೆ ಕೊಡಲೇಬೇಕು’ ಎಂಬ ಕೋಟಾ ಮಾತ್ರ ಬೇಡ. ಕೋಟಾ ಬಂದ ದಿನ ಸಹೋದ್ಯೋಗಿಗಳು ಪಾಠ ಯೋಜನೆ ಹಂಚಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

ಮೇಲ್ಮನವಿಯನ್ನು ಎರಡಾಗಿ ಒಡೆಯಬೇಕು. ಕ್ರಮ ತಪ್ಪಿದೆ (ಮುಂಚೆ ತಿಳಿಸಲಿಲ್ಲ, ಗಡುವು ಮೀರಿತು) ಎಂಬ ದೂರಿಗೆ ತಕ್ಷಣ ಮತ್ತೊಂದು ವೀಕ್ಷಣೆ ಕೊಟ್ಟರೆ ಮುಗಿಯಿತು. ಅಂಕವೇ ತಪ್ಪು ಎಂಬ ದೂರಿಗೆ ಟಿಪ್ಪಣಿಯನ್ನು ಮಾತ್ರ ಬೇರೆ ಇಬ್ಬರು ವೀಕ್ಷಕರಿಗೆ ಕೊಟ್ಟು, ಹೆಸರು ಮುಚ್ಚಿ, ಅಂಕ ಹಾಕಿಸಬೇಕು. ನಿಮಿಷ ನಿಮಿಷದ ಟಿಪ್ಪಣಿ ಇಲ್ಲದಿದ್ದರೆ ಈ ದಾರಿಯೇ ಮುಚ್ಚಿಹೋಗುತ್ತದೆ.

ಕೊನೆಯದಾಗಿ ಮತ್ತೆ ಡೈರಿ. ಕೆಲಸ ಮುಂದುವರಿಸುವುದಿಲ್ಲ ಎಂಬ ನೋಟಿಸನ್ನು ಸಾಮಾನ್ಯವಾಗಿ ವಸಂತದಲ್ಲೇ (ಅಲ್ಲಿ ಮಾರ್ಚ್‌ನಿಂದ ಮೇ) ಕೊಡಬೇಕು, ರಾಜ್ಯದ ಪರೀಕ್ಷೆಯ ಫಲಿತಾಂಶ ಬರುವುದು ಅಲ್ಲಿನ ಬೇಸಿಗೆಯಲ್ಲಿ, ಜೂನ್ ಆದ ಮೇಲೆ. ಹಾಗಾಗಿ ಪರೀಕ್ಷೆಯ ಭಾಗಕ್ಕೆ ಹಿಂದಿನ ವರ್ಷದ ಅಂಕ ಹಿಡಿಯುವುದೋ, ಅಂತಿಮ ಶ್ರೇಣಿಯನ್ನು ಮುಂದೂಡುವುದೋ ಎಂದು ನಿಯಮದಲ್ಲೇ ಬರೆದಿಡಬೇಕು. ವೀಕ್ಷಣೆಯ ಅರವತ್ತು ದಿನಾಂಕಗಳನ್ನು ಶಾಲಾ ವರ್ಷ ಶುರುವಾಗುವ ಆಗಸ್ಟಿನಲ್ಲೇ ಡೈರಿಯಲ್ಲಿ ಗುರುತಿಸಬೇಕು, ಮೊದಲ ಮೂವತ್ತು ಡಿಸೆಂಬರಿಗೆ ಮುಂಚೆ ಬೀಳುವ ಹಾಗೆ. ಗುರುತಿಸಲು ಜಾಗ ಸಾಲದಿದ್ದರೆ, ಒಳ್ಳೆಯ ಅಂಕ ಪಡೆದ ಅನುಭವಿಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಪೂರ್ತಿ ನೋಡುವುದೆಂದು ಮಾಡಬಹುದು. ಆಗ ಅರವತ್ತು ಮೂವತ್ತಕ್ಕೆ ಇಳಿಯಬಹುದು, 195 ಗಂಟೆ ನೂರರ ಹತ್ತಿರ ಬರುತ್ತದೆ. ಉಳಿದ ಹೊತ್ತು ಆ ಅಂಕವಿಲ್ಲದ ಹದಿನೈದು ನಿಮಿಷದ ಭೇಟಿಗಳಿಗೆ ಸಿಗುತ್ತದೆ.